ಕಮರದ ತುಂಡನ್ನು ಹಿಡಿದ ಬಗೆ

ಲೇತಿನಲ್ಲಿ ತುಂಡನ್ನು ಕಚ್ಚಿ ತಿರುಗಿಸುವ ಮೂರು ಹಲ್ಲಿನ ಚಕ್ಕಿಗೆ ದುಂಡಗಿನ ವಸ್ತು ಬಿಟ್ಟರೆ ಬೇರೇನೂ ಹಿಡಿಸುವುದಿಲ್ಲ. ಬೋರ್‌ವೆಲ್ ಪಂಪಿನ ಶಾಫ್ಟು, ಎಣ್ಣೆ ಮಿಲ್ಲಿನ ಬುಷ್ಷು, ಟ್ರ್ಯಾಕ್ಟರಿನ ಪಿನ್ನು ಇಂಥದ್ದನ್ನು ಕೊಟ್ಟರೆ ನಡುವೆ ಕೂರಿಸಿಕೊಂಡು ದಿನವಿಡೀ ತಿರುಗಿಸುತ್ತದೆ. ಮೀಸೆ ಚಿಗುರುವ ಮೊದಲಿನಿಂದ ಚಳ್ಳಕೆರೆಯಲ್ಲಿ ಈ ಕೆಲಸ ಮಾಡಿಕೊಂಡು ಬಂದಿರುವ ನನಗೂ ಅಷ್ಟೆ, ದುಂಡಗಿಲ್ಲದ್ದನ್ನು ಕಂಡರೆ ತಲೆನೋವು. ಚುಂಗಾಣಿ ದುಂಡಗಿಲ್ಲ. ತಂಬಾಕು ತುಂಬುವ ಬಟ್ಟಲು ಮೇಲಕ್ಕೆ ಎದ್ದಿರುತ್ತದೆ, ಬಾಯಿಗಿಡುವ ಕೊಳವೆ ಅಡ್ಡಕ್ಕೆ ಚಾಚಿರುತ್ತದೆ, ಎರಡರ ತೂತೂ ಒಳಗೆ ಒಂದೇ ಜಾಗದಲ್ಲಿ ಕೂಡಬೇಕು. ಅಂಥದ್ದೊಂದನ್ನು ಮರದಲ್ಲಿ ಮಾಡುವ ಪಾಡು ನನಗೆ ಬಂದದ್ದು, ನನ್ನ ಮಾವನಿಗೂ ಅವರ ಮಗಳಿಗೂ ಮಾತು ನಿಂತದ್ದರಿಂದ. ಅವರ ಮಗಳು ಎಂದರೆ ನನ್ನ ಹೆಂಡತಿ.

ಮಾವ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು. ನನ್ನ ತಾಯಿಯ ತಮ್ಮ. ಹಾಗಾಗಿ ಹೆಣ್ಣು ಕೊಡುವ ಮೊದಲೂ ಮಾವನೇ, ಕೊಟ್ಟ ಮೇಲೂ ಮಾವನೇ. ನಮ್ಮದೂ ನೇಕಾರರ ಮನೆತನವೇ. ಅಪ್ಪ ಮಗ್ಗದ ಗುಣಿಯಲ್ಲಿ ಕೂತು ಸೊಂಟ ಹಿಡಿದುಹೋಯಿತೆಂದು ಚಳ್ಳಕೆರೆಗೆ ಬಂದು ಲೇತ್ ಕಲಿತರು, ನಾನು ಅದನ್ನೇ ಮುಂದುವರಿಸಿದೆ. ಮನೆಯಲ್ಲಿ ಎರಡೂ ಭಾಷೆ ನಡೆಯುತ್ತದೆ. ಲೆಕ್ಕಾಚಾರ ಕನ್ನಡದಲ್ಲಿ, ಸಿಟ್ಟು ತೆಲುಗಿನಲ್ಲಿ.

ಮಾವನಿಗೆ ಕೆಮ್ಮು ಶುರುವಾಗಿ ಬಹಳ ದಿನವಾಗಿತ್ತು. ಚಳ್ಳಕೆರೆಗೆ ಕರೆಸಿ ಡಾಕ್ಟರಿಗೆ ತೋರಿಸಿದೆವು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಇನ್ನು ಹೊಗೆ ಮುಟ್ಟಿದರೆ ನನ್ನ ಹತ್ತಿರ ಬರಬೇಡಿ ಎಂದರು. ಮಾವ ಅಂದೇ ಬಿಟ್ಟರು. ಚಡಪಡಿಸಲಿಲ್ಲ, ಕದ್ದು ಎಳೆಯಲಿಲ್ಲ, ಬೀಡಿ ಸೇದುವವರ ಪಕ್ಕ ಹೋಗಿ ನಿಲ್ಲಲೂ ಇಲ್ಲ. ನನಗೆ ಆಶ್ಚರ್ಯವಾಯಿತು. ನನ್ನ ಹೆಂಡತಿಗೆ ಮಾತ್ರ ನಂಬಿಕೆ ಬರಲಿಲ್ಲ. ಅಪ್ಪನನ್ನು ಮೊಳಕಾಲ್ಮೂರಿಗೆ ಬಿಡಲು ಹೋದವಳು, ಅವರು ಸ್ನಾನಕ್ಕೆ ಹೋಗಿದ್ದಾಗ ದಿಂಬಿನಡಿ ಇದ್ದ ಚುಂಗಾಣಿ ತೆಗೆದು ನೀರೊಲೆಗೆ ಹಾಕಿದಳು. ಅದು ಮಾವನ ಅಪ್ಪನ ಕಾಲದ್ದು. ಆ ನೀರಿನಲ್ಲೇ ಅವರ ಸ್ನಾನ ಮುಗಿಯಿತು.

ಮಾವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಗಳ ಜೊತೆ ಮಾತು ಬಿಟ್ಟರು, ಮಗ್ಗಕ್ಕೆ ಇಳಿಯುವುದನ್ನೂ ಬಿಟ್ಟರು. ಇವಳು ಫೋನ್ ಮಾಡಿ “ನಾಯ್ನಾ, ಊಟ ಆಯ್ತಾ?” ಎಂದರೆ ಫೋನು ಕೈ ಬದಲಾಯಿಸಿ ಮಗನ ದನಿ ಕೇಳಿಸುತ್ತಿತ್ತು. ಬಸ್ಸು ಹತ್ತಿ ಹೋದರೆ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದರು. ಅರ್ಧ ನೇಯ್ದ ಸೀರೆಯ ಮೇಲೆ ಹಳೆಯ ಪಂಚೆ ಹೊದಿಸಿತ್ತು. ಅದೇ ಕೋಣೆಯ ಇನ್ನೊಂದು ಮಗ್ಗದಲ್ಲಿ ನನ್ನ ಬಾಮೈದ, ಅಂದರೆ ಮಾವನ ಮಗ, ಒಬ್ಬನೇ ನೇಯುತ್ತಿದ್ದ.

ಇವಳು ಅಲ್ಲಿಂದ ಬಂದ ದಿನ ಅಡುಗೆಮನೆಯಲ್ಲಿ ಪಾತ್ರೆಗಳಿಗೆ ಉಳಿಗಾಲವಿರಲಿಲ್ಲ. “ನಾನೇನು ಅವ್ರ ಸಾವು ಬಯಸಿದ್ನಾ? ಬದುಕ್ಲಿ ಅಂತ ತಾನೇ ಸುಟ್ಟಿದ್ದು” ಎನ್ನುತ್ತಿದ್ದಳು. ಅದು ಸರಿಯಾಗಿತ್ತು. ಮಾವನದೂ ಸರಿಯಾಗಿತ್ತು. ಇಬ್ಬರೂ ಸರಿಯಾಗಿದ್ದಾಗ ನಡುವೆ ಇರುವವನ ಗತಿ ಹೇಳತೀರದು. ಅವರಿಗೆ ಹೇಳಿ, ಇವಳಿಗೆ ಹೇಳಿ, ಎರಡೂ ಕಡೆಯ ಮಾತು ಹೊತ್ತು ನನಗೆ ಸಾಕುಸಾಕಾಗಿತ್ತು. ಪ್ರೀತಿಗಿಂತ ಹೆಚ್ಚಾಗಿ ಆ ಬೇಸರಕ್ಕೇ ನಾನು ಹೊಸ ಚುಂಗಾಣಿ ಮಾಡಿಕೊಡುವ ಮಾತೆತ್ತಿದ್ದು.

ಇಲ್ಲಿ ಒಂದು ಸಂಗತಿ ಹೇಳಬೇಕು. ಮಾವ ಮಗ್ಗದಲ್ಲಿ ಕೂತಿದ್ದಾಗ ಯಾವತ್ತೂ ಬೆಂಕಿ ಹಚ್ಚಿದವರಲ್ಲ. ರೇಷ್ಮೆಯ ಹತ್ತಿರ ಕಿಡಿ ಸುಳಿಯಬಾರದು. ಒಂದು ಚಿಟಿಕೆ ಬೂದಿ ಬಿದ್ದರೂ ಸೀರೆ ಹೋಯಿತು. ಹೊಗೆ ಏನಿದ್ದರೂ ಹೊರಗೆ ಕಟ್ಟೆಯ ಮೇಲೆ, ಊಟವಾದ ಮೇಲೆ. ಆದರೆ ಗುಣಿಗೆ ಇಳಿಯುವಾಗ ಖಾಲಿ ಚುಂಗಾಣಿ ಹಲ್ಲಲ್ಲಿ ಕಚ್ಚಿಕೊಂಡೇ ಇಳಿಯುತ್ತಿದ್ದರು. ಏಳುವವರೆಗೆ ಅದು ಬಾಯಲ್ಲೇ ಇರುತ್ತಿತ್ತು. ನನ್ನ ಹೆಂಡತಿಗೂ ಇದು ಗೊತ್ತು. ಕೈಯಲ್ಲಿ ಚುಂಗಾಣಿ ಇದ್ದರೆ ಇವತ್ತಲ್ಲ ನಾಳೆ ಅದರೊಳಗೆ ತಂಬಾಕು ಬಂದೇ ಬರುತ್ತದೆ ಎಂಬುದು ಅವಳ ವಾದ.

ನನ್ನ ಮಾತು ಕೇಳಿ ಅವಳು ಒಲೆಯ ಮೇಲಿನ ಪಾತ್ರೆ ಇಳಿಸಿದಳು. ಆಮೇಲೆ, “ಮಾಡ್ರಿ. ತೂತು ಮಾತ್ರ ಕೊರೀಬ್ಯಾಡ್ರಿ. ಕಚ್ಕೊಳ್ಳೋಕೆ ತೂತ್ಯಾಕೆ?” ಎಂದಳು.

ನನಗೆ ಒಳಗೊಳಗೇ ಖುಷಿಯಾಯಿತು. ತೂತಿಲ್ಲವೆಂದರೆ ಅರ್ಧಕ್ಕೂ ಹೆಚ್ಚು ಕೆಲಸ ಇಲ್ಲ. ದೊಡ್ಡಉಳ್ಳಾರ್ತಿಯಿಂದ ಪಂಪಿನ ಶಾಫ್ಟು ತರುತ್ತಿದ್ದ ಗಿರಾಕಿಯೊಬ್ಬರಿಗೆ ಹೇಳಿದೆ. ಅವರು ಹಳೆಯ ಗಾಡಿಯ ಗೂಟವೊಂದನ್ನು ತಂದುಕೊಟ್ಟರು, ಕಮರದ್ದು. ಕಮರ ನಮ್ಮ ಕಡೆಯ ಒಣ ಭೂಮಿಯ ಮರ, ನೀರಿಗೆ ಹಾಕಿದರೆ ಕಲ್ಲಿನ ಹಾಗೆ ಮುಳುಗುತ್ತದೆ. ಬಟ್ಟಲನ್ನೂ ಕೊಳವೆಯನ್ನೂ ಬೇರೆಬೇರೆ ದುಂಡಗೆ ತಿರುಗಿಸಿ, ಗೂಟ ಹೊಡೆದು ಕೂಡಿಸಿ, ಮರಳುಕಾಗದ ಹಾಕಿ ಉಜ್ಜಿದೆ. ನೋಡಲು ಥೇಟ್ ಚುಂಗಾಣಿ. ಒಂದು ಮಧ್ಯಾಹ್ನದೊಳಗೆ ಮುಗಿಯಿತು. ಅಂಗಡಿಗೆ ಬಂದವರಿಗೆಲ್ಲ ತೋರಿಸಿದೆ.

ಮುಂದಿನ ಭಾನುವಾರ ಒಬ್ಬನೇ ಮೊಳಕಾಲ್ಮೂರಿಗೆ ಹೋದೆ. ಮಾವ ಅದನ್ನು ಸೀರೆಯ ಸೆರಗು ಪರೀಕ್ಷಿಸುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. ಹಲ್ಲಿಗೆ ಕಚ್ಚಿದರು. ಕೆನ್ನೆ ಒಳಕ್ಕೆ ಹೋಯಿತು, ಹಾಗೇ ನಿಂತಿತು. ಬಾಯಿಂದ ತೆಗೆದು, ಪಂಚೆಯ ತುದಿಯಿಂದ ಒರೆಸಿ ನನ್ನ ಕೈಗೇ ಕೊಟ್ಟರು.

“ಚೆನ್ನಾಗೈತೆ ಅಲ್ಲುಡೂ. ಆಯುಧಪೂಜೆಗೆ ಇಟ್ಕೋ.”

ಅಲ್ಲುಡು ಎಂದರೆ ಅಳಿಯ. ನನಗೆ ಮೈಯೆಲ್ಲ ಉರಿಯಿತು. ಗಿರಾಕಿಗಳ ಕೆಲಸ ಬಿಟ್ಟು ಮಾಡಿದ್ದು, ಬಸ್ಸಿನಲ್ಲಿ ನಿಂತುಕೊಂಡೇ ಬಂದದ್ದು, ಎಲ್ಲ ನೆನಪಾಯಿತು. ಬಾಮೈದ ಮಗ್ಗ ನಿಲ್ಲಿಸಿ ನನ್ನನ್ನು ಹೊರಗೆ ಕರೆದುಕೊಂಡು ಹೋದ.

“ಬಾವ, ಅಪ್ಪ ಮಗ್ಗದಾಗೆ ಎಳೀತಿದ್ದದ್ದು ಹೊಗೆ ಅಲ್ಲ, ಗಾಳಿ,” ಎಂದ. “ಕಾಲು ತುಳಿದಾಗ ಒಳಕ್ಕೆ, ಹಲಗೆ ಬಡಿದಾಗ ಹೊರಕ್ಕೆ. ಸಣ್ಣಗೆ ಸುಯ್ ಅಂತಿತ್ತು. ಸೀರೆ ಮೈಗೆ ಬುಟ್ಟಾ ಹೂವು ಹಾಕೋವಾಗ ಅವ್ರು ಬಾಯಾಗೆ ಎಣಿಸ್ತಿರ್ಲಿಲ್ಲ, ಉಸಿರಿನಾಗೇ ಎಣಿಸ್ತಿದ್ರು. ಪಕ್ಕದ ಮಗ್ಗದಾಗೆ ಕೂತು ಕೂತು ನಂಗೂ ಅದೇ ಲೆಕ್ಕ ಆಗ್ಬಿಟ್ಟೈತೆ. ಈಗ ಅದಿಲ್ಲ ನೋಡು, ನಾನೂ ತಪ್ತೀನಿ.”

“ಚುಂಗಾಣಿ ಇಲ್ದೆ ನೇಯೋಕೆ ನೋಡಿದ್ರಾ?”

“ನೋಡಿದ್ರು. ಎರಡು ಸಲ ಬುಟ್ಟಾ ಸೊಟ್ಟ ಬಂತು. ಬಿಚ್ಚಿ ತೆಗೆದು, ಪಂಚೆ ಹೊದಿಸಿ ಎದ್ದೋದ್ರು. ಅಕ್ಕನಿಗೆ ಹೇಳ್ಬ್ಯಾಡ ಅಂದವ್ರೆ.”

ಆಗ ನನಗೆ ವಿಷಯದ ತೂಕ ತಿಳಿಯಿತು. ಮಾವನ ಸಿಟ್ಟು ತಂಬಾಕು ಹೋದದ್ದಕ್ಕಲ್ಲ, ಕಸುಬು ಹೋದದ್ದಕ್ಕೆ. ಬುಟ್ಟಾ ಸೊಟ್ಟ ನೇಯುವವನು ಎನ್ನಿಸಿಕೊಳ್ಳುವುದಕ್ಕಿಂತ ಮಗಳ ಮೇಲೆ ಮುನಿಸಿಕೊಂಡವನು ಎನ್ನಿಸಿಕೊಳ್ಳುವುದು ಅವರಿಗೆ ಮೇಲು. ಮೊಳಕಾಲ್ಮೂರಿನ ಪಕ್ಕದ ಹಾನಗಲ್ಲಿನಲ್ಲಿ ಚಳ್ಳಕೆರೆಯ ಬಸ್ಸಿಗೆ ಕಾಯುತ್ತ ನಿಂತಾಗ, ಹೇಳಬೇಡ ಎಂದದ್ದನ್ನು ಹೆಂಡತಿಗೆ ಹೇಳಿಬಿಡುವುದೆಂದು ತೀರ್ಮಾನಿಸಿದೆ. ಮುಚ್ಚಿಟ್ಟ ಮಾತು ಹೊತ್ತು ತಿರುಗುವ ವಯಸ್ಸು ನನ್ನದಲ್ಲ.

ಎಲ್ಲ ಹೇಳಿದೆ. ಅವಳು ಕಡಲೆಕಾಯಿ ಬಿಡಿಸುತ್ತಿದ್ದಳು, ಬಿಡಿಸುತ್ತಲೇ ಇದ್ದಳು. ಮೊರ ತುಂಬಿದ ಮೇಲೆ ಕಣ್ಣೊರೆಸಿಕೊಂಡಳು.

“ತೂತು ಕೊರೆದುಕೊಟ್ಟು, ಅವ್ರು ಹೊಗೆ ಕುಡಿದು ಹೋದ್ರೆ, ನಾನೇ ಕೊಟ್ಟಂಗಾಗ್ತೈತೆ.”

“ಆಗ್ತೈತೆ,” ಎಂದೆ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ.

“ಸಣ್ಣ ತೂತು ಸಾಲಲ್ವಾ? ಬಟ್ಟಲು ಒಳಗೆ ಕೊರೀದೆ ಗಟ್ಟಿಯಾಗೇ ಇರ್ಲಿ.”

“ಕಮರ ತೂಕ ಜಾಸ್ತಿ. ಬಟ್ಟಲು ಗಟ್ಟಿ ಇದ್ರೆ ದವಡೆ ನೋವು ಬರ್ತೈತೆ. ಇಡೀ ದಿನ ಕಚ್ಚೋಕಾಗಲ್ಲ.”

ಮರುದಿನ ನಾನು ಅಂಗಡಿಗೆ ಹೊರಟಾಗ ಬುತ್ತಿ ಕೈಗೆ ಕೊಡುತ್ತ, “ಕೊರೆಯೋದಾದ್ರೆ ಸರಿಯಾಗೇ ಕೊರೀರಿ. ಅವ್ರಿಗೆ ಅರ್ಧಂಬರ್ಧ ಹಿಡಿಸಲ್ಲ” ಎಂದಳು.

ಹೀಗೆ ಅಸಲಿ ಕೆಲಸ ನನ್ನ ಕೊರಳಿಗೆ ಬಿತ್ತು. ಈ ಸಲ ತುಂಡು ಕೂಡಿಸುವ ಆಟ ನಡೆಯುವುದಿಲ್ಲ, ಗಾಳಿ ಸಂದಿಯಲ್ಲಿ ಸೋರುತ್ತದೆ. ಒಂದೇ ಮರದಲ್ಲಿ ಬಟ್ಟಲೂ ಬರಬೇಕು, ಕೊಳವೆಯೂ ಬರಬೇಕು. ಒಮ್ಮೆ ಬಟ್ಟಲಿನ ಕಡೆಯಿಂದ ಕೊರೆದು, ಅದೇ ತುಂಡನ್ನು ಅಡ್ಡ ತಿರುಗಿಸಿ ಕೊಳವೆಯ ಕಡೆಯಿಂದ ಕೊರೆಯಬೇಕು. ಬಿಚ್ಚಿ ಮತ್ತೆ ಕಟ್ಟಿದರೆ ಕೂದಲೆಳೆಯಷ್ಟು ಆಚೀಚೆ ಆಗಿಯೇ ಆಗುತ್ತದೆ, ಎರಡು ತೂತುಗಳು ಒಂದರ ಪಕ್ಕ ಒಂದು ಹಾದುಹೋಗುತ್ತವೆ. ನಾಲ್ಕು ಹಲ್ಲಿನ ಚಕ್ಕಿನಲ್ಲಿ ಕಟ್ಟಿ ನೋಡಿದೆ. ಬಿಗಿ ಮಾಡಿದರೆ ಮರ ಸೀಳಿತು, ಸಡಿಲ ಬಿಟ್ಟರೆ ಓಲಾಡಿತು. ಮೊಬೈಲಿನಲ್ಲಿ ಹುಡುಕಿದೆ. ದೂರದ ಯಾವುದೋ ದೇಶದ ಗಡ್ಡದ ಮನುಷ್ಯನೊಬ್ಬ ಎರಡೇ ಹಲ್ಲಿನ ಚಕ್ಕಿನಲ್ಲಿ ಸಲೀಸಾಗಿ ಚುಂಗಾಣಿ ಕೊರೆಯುತ್ತಿದ್ದ. ಆ ಚಕ್ಕು ನಮ್ಮಲ್ಲಿ ಸಿಗುವುದಿಲ್ಲ. ಸಿಗದಿದ್ದರೆ ಮಾಡಿಕೊಳ್ಳುವುದು, ಅದಕ್ಕೆ ತಾನೇ ನಾವಿರುವುದು.

ಗುಜರಿಯಿಂದ ದಪ್ಪ ಕಬ್ಬಿಣದ ತಟ್ಟೆ ತಂದು ದುಂಡಗೆ ತಿರುಗಿಸಿ ಲೇತಿನ ಮೂತಿಗೆ ಕೂರಿಸಿದೆ. ಅದರ ಮೇಲೆ ಎದುರುಬದುರಾಗಿ ಎರಡು ಎಲ್ ಆಕಾರದ ಪಟ್ಟಿಗಳು, ಹತ್ತಿರಕ್ಕೂ ದೂರಕ್ಕೂ ಸರಿಸಲು ಬರುವ ಹಾಗೆ. ಒಂದೊಂದು ಪಟ್ಟಿಗೂ ನಡುವೆ ಒಂದು ಬೋಲ್ಟು, ಬೋಲ್ಟಿನ ತುದಿಗೆ ಅಂಗೈಯಗಲದ ಬಿಲ್ಲೆ. ಮರದ ತುಂಡು ಈ ಎರಡು ಬಿಲ್ಲೆಗಳ ನಡುವೆ ಕೂರುತ್ತದೆ. ನಟ್ಟು ಒಂದಿಷ್ಟು ಸಡಿಲಿಸಿದರೆ ಬಿಲ್ಲೆಗಳ ಸಮೇತ ಅದು ಕೂತಲ್ಲೇ ತಿರುಗುತ್ತದೆ. ಬಿಚ್ಚುವ ಪ್ರಶ್ನೆಯೇ ಇಲ್ಲ. ಬಟ್ಟಲು ಕೊರೆದು, ತಿರುಗಿಸಿ, ಬಿಗಿದು, ಕೊಳವೆ ಕೊರೆಯಬಹುದು. ಕಾಗದದ ಮೇಲೆ ಬರೆದು ನೋಡಿದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೊದಲ ದಿನ ಲೇತ್ ಶುರುಮಾಡಿದ ಕೂಡಲೇ ತುಂಡು ಹಾರಿ ಶಟರಿಗೆ ಬಡಿಯಿತು. ಎದುರಿನ ಪಂಕ್ಚರ್ ಅಂಗಡಿಯವರು “ಕ್ಯಾ ಹುವಾ ಭಾಯ್?” ಎಂದು ಓಡಿಬಂದರು. ನನ್ನ ಕಿವಿಯ ಪಕ್ಕವೇ ಹೋಗಿತ್ತು. ಏನಿಲ್ಲ ಎಂದೆ. ಕಬ್ಬಿಣದ ಬಿಲ್ಲೆ ಕಮರದ ಮೇಲೆ ಜಾರುತ್ತದೆ, ಅದನ್ನು ಯೋಚಿಸಿರಲಿಲ್ಲ. ಎಣ್ಣೆ ಮಿಲ್ಲಿನವರು ಎಸೆದಿದ್ದ ಹಳೆಯ ಪಟ್ಟಾ ಬೆಲ್ಟಿನಿಂದ ಎರಡು ತುಂಡು ಕತ್ತರಿಸಿ ಬಿಲ್ಲೆಗಳಿಗೆ ಅಂಟಿಸಿದೆ. ಆಮೇಲೆ ತುಂಡು ಹಾರಲಿಲ್ಲ, ಇಡೀ ಲೇತೇ ಅಲ್ಲಾಡತೊಡಗಿತು. ಒಂದು ಕಡೆ ತೂಕ ಹೆಚ್ಚಾಗಿದ್ದಕ್ಕೆ ಇನ್ನೊಂದು ಕಡೆ ಟ್ರ್ಯಾಕ್ಟರಿನ ಹಳೆಯ ನಟ್ಟುಗಳನ್ನು ಕಟ್ಟುತ್ತ ಹೋದೆ. ನಡುಕ ನಿಲ್ಲುವ ಹೊತ್ತಿಗೆ ಅದು ಎಂಥ ಆಯುಧವೆಂದು ಹೇಳಲು ಬಾರದ ರೂಪ ತಾಳಿತ್ತು. ಗಿರಾಕಿಗಳು ನೋಡಿ ನಕ್ಕರು. ನಗಲಿ, ಹಿಡಿದದ್ದನ್ನು ಅದು ಬಿಡುತ್ತಿರಲಿಲ್ಲ.

ಬಟ್ಟಲಿನ ಹೊರಮೈ ತಿರುಗಿಸುವುದಕ್ಕೆ ಇನ್ನೊಂದು ಹಿಡಿಕೆ ಬೇಕಾಯಿತು. ಹುಣಸೆ ಮರದ ಓರೆಯ ಗೂಟವೊಂದನ್ನು ಮಾಡಿ, ನಡುವೆ ಗರಗಸದಿಂದ ಸೀಳಿ, ಒಳಗೊಂದು ಸ್ಕ್ರೂ ಇಟ್ಟೆ. ಕೊರೆದ ಬಟ್ಟಲನ್ನು ಅದಕ್ಕೆ ಕವುಚಿ ಸ್ಕ್ರೂ ತಿರುಗಿಸಿದರೆ ಗೂಟ ಹಿಗ್ಗಿ ಒಳಗಿನಿಂದ ಹಿಡಿದುಕೊಳ್ಳುತ್ತದೆ. ಇದು ಮಾತ್ರ ಮೊದಲ ಸಲವೇ ಸರಿಬಂತು, ಯಾಕೆಂದು ಇವತ್ತಿಗೂ ಗೊತ್ತಿಲ್ಲ.

ಇಷ್ಟಾಗುವಾಗ ಆಯುಧಪೂಜೆ ಬಂತು. ಅಂದು ಲೇತ್ ಓಡಿಸುವಂತಿಲ್ಲ. ಅಂಗಡಿ ತೊಳೆದು, ಸ್ಪ್ಯಾನರು, ಡ್ರಿಲ್ಲು, ಮೈಕ್ರೋಮೀಟರು ಎಲ್ಲ ಹಲಗೆಯ ಮೇಲೆ ಜೋಡಿಸಿದೆ. ಪೂಜೆಗೆ ಬಂದ ಹೆಂಡತಿ ಲೇತಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಹಾರ ಹಾಕಿದಳು. ಹೊಸ ಚಕ್ಕಿನ ಮುಂದೆ ಬಂದಾಗ ನಿಂತಳು.

“ಇದೇನಾ?”

“ಇದೇ.”

“ಎಷ್ಟು ಕೆಟ್ಟಗೈತೆ!” ಎಂದವಳೇ ಅದರ ನೆತ್ತಿಗೂ ಒಂದು ಬೊಟ್ಟು ಇಟ್ಟಳು. ನಿಂಬೆಹಣ್ಣೊಂದನ್ನು ಎರಡು ಹಲ್ಲುಗಳ ನಡುವೆ ಸಿಕ್ಕಿಸಿ, ಹಿಡಿಯುತ್ತದೋ ಇಲ್ಲವೋ ಎಂದು ಅಲ್ಲಾಡಿಸಿಯೂ ನೋಡಿದಳು.

ಹಬ್ಬ ಕಳೆದ ಮೇಲೆ ಕೊರೆದೆ. ಬಟ್ಟಲು ಸುಲಭವಾಗಿ ಬಂತು. ಕೊಳವೆಗೆ ಸಣ್ಣ ಡ್ರಿಲ್ ಹಾಕಿ, ಒಂದಿಷ್ಟು ಒಳಗೆ ಬಿಟ್ಟು ಹೊರಗೆಳೆದು ಹೊಟ್ಟು ಊದಿ, ಮತ್ತೆ ಬಿಟ್ಟು, ಹೀಗೇ ನಡೆಸಿದೆ. ಕಮರ ಬಿಸಿಯಾಗಿ ಸುಟ್ಟ ವಾಸನೆ ಬರುತ್ತಿತ್ತು. ಬಟ್ಟಲಿನ ತಳದಲ್ಲಿ ಡ್ರಿಲ್ಲಿನ ತುದಿ ಕಂಡಿತು, ಸರಿಯಾಗಿ ನಡುವೆ. ಅಂಥ ಸಂತೋಷ ಯಾವ ಪಂಪಿನ ಶಾಫ್ಟೂ ನನಗೆ ಕೊಟ್ಟಿರಲಿಲ್ಲ. ಹೊರಮೈಯನ್ನು ಗೂಟದ ಮೇಲೆ ಹಾಕಿ ತಿರುಗಿಸಿ, ಉಳಿದದ್ದನ್ನು ಅರದಿಂದ ಉಜ್ಜಿ ಮನೆಗೆ ತಂದೆ. ಅವಳು ಉಪ್ಪುನೀರಿನಲ್ಲಿ ತೊಳೆದು ಒಣಗಿಸಿ, ಕಡಲೆಕಾಯಿ ಎಣ್ಣೆ ಸವರಿದಳು. ನಾನು ಕಾಣುತ್ತಿಲ್ಲವೆಂದುಕೊಂಡು ತಾನೇ ಬಾಯಿಗಿಟ್ಟು ಎಳೆದು ನೋಡಿದಳು. ಸಣ್ಣಗೆ ಸುಯ್ ಎಂದಿತು. ಅವಳ ಮುಖದಲ್ಲಿ ಭಯವೂ ಇತ್ತು, ಸಮಾಧಾನವೂ ಇತ್ತು.

ಇಬ್ಬರೂ ಮೊಳಕಾಲ್ಮೂರಿಗೆ ಹೋದೆವು. ಅವಳು ಒಳಗೆ ಬರಲಿಲ್ಲ, ಹೊರಗೆ ಕಟ್ಟೆಯ ಮೇಲೆ ಕೂತಳು. ಮಾವ ಚುಂಗಾಣಿ ತೆಗೆದುಕೊಂಡು ನೋಡಲೇ ಇಲ್ಲ, ನೇರ ಹಲ್ಲಿಗೆ ಕಚ್ಚಿದರು. ಕೆನ್ನೆ ಒಳಕ್ಕೆ ಹೋಯಿತು, ಹೊರಗೆ ಬಂತು. ಮತ್ತೊಮ್ಮೆ. ಎದ್ದುಹೋಗಿ ಮಗ್ಗದ ಮೇಲಿನ ಪಂಚೆ ತೆಗೆದು, ಮಡಚಿ, ಗುಣಿಗೆ ಇಳಿದರು. ಮೊದಮೊದಲು ಲಾಳಿ ತಡೆದು ತಡೆದು ಓಡಿತು. ಆಮೇಲೆ ಕಾಲು, ಉಸಿರು, ಹಲಗೆ ಒಂದರ ಹಿಂದೆ ಒಂದು ಕೂಡಿಕೊಂಡವು. ಬಾಮೈದ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಒಂದು ಬುಟ್ಟಾ ಮುಗಿಯಿತು. ಬಗ್ಗಿ ನೋಡಿದೆ, ಸೊಟ್ಟವಿರಲಿಲ್ಲ.

ಕೆಲಸವೇನೋ ಗೆದ್ದಿತು. ಆದರೆ ಮಗಳು ಬಂದಿದ್ದಾಳೆಯೇ ಎಂದು ಮಾವ ಕೇಳಲಿಲ್ಲ. ಬಾಗಿಲಿನಾಚೆ ಅವಳ ಸೀರೆಯ ಸೆರಗು ಕಾಣುತ್ತಿತ್ತು, ಅತ್ತ ತಿರುಗಲಿಲ್ಲ. ಎರಡನೆಯ ಬುಟ್ಟಾ ಆಯಿತು, ಮೂರನೆಯದೂ ಆಯಿತು. ನಾನು ಹೊರಡುವ ಬಸ್ಸಿನ ಲೆಕ್ಕ ಹಾಕತೊಡಗಿದೆ. ಕಬ್ಬಿಣವಾದರೆ ಬಗ್ಗಿಸಬಹುದು, ಇವರನ್ನು ಬಗ್ಗಿಸುವವರು ಯಾರು ಎಂದು ಸಿಟ್ಟೂ ಬಂತು.

ಅಷ್ಟರಲ್ಲಿ ಮಗ್ಗ ನಿಂತಿತು. ಮಾವ ಚುಂಗಾಣಿಯನ್ನು ಬಾಯಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಬಾಗಿಲಿನ ಕಡೆ ಮುಖ ಮಾಡಿ ಕೂಗಿದರು.

“ಪೋಗು ತೆಗಿಂದಮ್ಮಾ!”

ಎಳೆ ಹರಿಯಿತು ಎಂದು ಅರ್ಥ. ಮಗ್ಗದಲ್ಲಿ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ, ಎಳೆ ಹರಿದರೆ ಹುಡುಕಿ ಹೊಸೆದು ಕೂಡಿಸುವುದು ಆ ಮನೆಯಲ್ಲಿ ಇವಳ ಕೆಲಸವಾಗಿತ್ತು. ಬೆರಳು ತೆಳ್ಳಗೆಂದು, ಲಂಗ ತೊಡುವ ವಯಸ್ಸಿನಿಂದ ಮದುವೆಯಾಗಿ ಚಳ್ಳಕೆರೆಗೆ ಬರುವವರೆಗೂ. ಆಮೇಲೆ ಇಷ್ಟೂ ವರ್ಷ ಮಾವ ತಾವೇ ಕೂಡಿಸಿಕೊಳ್ಳುತ್ತಿದ್ದರು. ಕೈಯಳತೆಯಲ್ಲಿ ಮಗನೂ ಇದ್ದ.

ಅವಳು ಓಡುತ್ತಲೇ ಬಂದಳು. ಸೆರಗಿಗೆ ಕೈಯೊರೆಸಿಕೊಂಡು, ಮಗ್ಗದ ಪಕ್ಕ ಮಂಡಿಯೂರಿ, “ಎಲ್ಲಿ ನಾಯ್ನಾ?” ಎಂದಳು. ಮಾವ ಬೆರಳು ತೋರಿಸಿದರು. ಅವಳು ಎಳೆಯ ಎರಡೂ ತುದಿಗಳನ್ನು ಹುಡುಕಿ ಬೆಳಕಿಗೆ ಎತ್ತಿ ಹಿಡಿದಳು. ನಾನು ಹಿಂದೆಯೇ ನಿಂತಿದ್ದೆ, ನನಗೂ ಕಂಡಿತು. ತಾನಾಗಿ ಹರಿದ ರೇಷ್ಮೆಯ ತುದಿ ಎಳೆಎಳೆಯಾಗಿ ಬಿಚ್ಚಿಕೊಂಡಿರುತ್ತದೆ. ಇವೆರಡೂ ನೇರವಾಗಿ ಕತ್ತರಿಸಿದ ಹಾಗಿದ್ದವು. ಮಾವನ ಬಲಗಡೆ ಬ್ಲೇಡು ಇತ್ತು. ನೇಕಾರನಾದವನು ತನ್ನ ಹಾಸಿನ ಎಳೆಗೆ ತಾನೇ ಬ್ಲೇಡು ತಾಗಿಸಿದ್ದನ್ನು ನಮ್ಮ ಮನೆತನದಲ್ಲಿ ನಾನು ಕೇಳಿಯೂ ಇಲ್ಲ. ಬಾಮೈದನೂ ನೋಡಿದ. ನೋಡಿ, ತಲೆ ತಗ್ಗಿಸಿ ತನ್ನ ಮಗ್ಗ ತುಳಿಯತೊಡಗಿದ.

ತುದಿಗಳು ಇದ್ದದ್ದು ಅವಳ ಬೆರಳಲ್ಲಿ. ಗೊತ್ತಾಗದಿರಲು ಸಾಧ್ಯವಿರಲಿಲ್ಲ. ಬೆರಳನ್ನು ನಾಲಿಗೆಗೆ ತಾಗಿಸಿ, ನಿಧಾನವಾಗಿ ಹೊಸೆದು ಕೂಡಿಸಿದಳು.

“ತಿಂಗಳುಗಟ್ಟಲೆ ಹಂಗೇ ಬಿಟ್ಟಿದ್ವಲ್ಲ ನಾಯ್ನಾ,” ಎಂದಳು. “ರೇಷ್ಮೆ ಒಣಗೈತೆ. ಅದಕ್ಕೇ ಹರೀತು.”

“ಔನಮ್ಮಾ,” ಎಂದರು ಮಾವ. “ಒಣಗೈತೆ. ಇನ್ನೂ ಹರೀತೈತೆ. ಇಲ್ಲೇ ಕೂತ್ಕೋ.”